ವೇಗದ ನ್ಯೂಟ್ರಾನುಗಳ ಎಣಿಕೆ: ಪ್ರಾಯೋಗಿಕ ರಿಯಾಕ್ಟರುಗಳ ಇತಿಹಾಸದಲ್ಲಿ ಅಳತೆಯ ಸ್ಥಾನ

ಪರಮಾಣು ಶಕ್ತಿಯ ಇತಿಹಾಸವನ್ನು ಕುರಿತ ಗ್ರಂಥಗಳಲ್ಲಿ 1951ನೆಯ ಇಸವಿಯ ಡಿಸೆಂಬರ್ 20ನೆಯ ತಾರೀಖಿಗೆ ಒಂದು ಖಚಿತವಾದ ಸ್ಥಾನವುಂಟು. ಅಂದು ಅಮೆರಿಕದ ಐಡಹೋ ಸಂಸ್ಥಾನದ ಬಯಲಿನಲ್ಲಿ, ವಾಲ್ಟರ್ ಜಿನ್ ಎಂಬ ಭೌತವಿಜ್ಞಾನಿಯ ನೇತೃತ್ವದಲ್ಲಿ ನಿರ್ಮಿತವಾಗಿದ್ದ ಇ.ಬಿ.ಆರ್.-1 ಎಂಬ ಪ್ರಾಯೋಗಿಕ ರಿಯಾಕ್ಟರಿನ ಶಾಖದಿಂದ ವಿದ್ಯುತ್ತು ಹುಟ್ಟಿ ನಾಲ್ಕು ದೀಪಗಳು ಬೆಳಗಿದವು. ಮರುದಿನ ಆ ಕಟ್ಟಡಕ್ಕೆ ಬೇಕಾದ ವಿದ್ಯುತ್ತನ್ನು ಅದೇ ಯಂತ್ರ ಒದಗಿಸಿತು. ಆದರೆ ಆ ರಿಯಾಕ್ಟರನ್ನು ಕಟ್ಟಿದ್ದು ದೀಪ ಹೊತ್ತಿಸುವುದಕ್ಕಲ್ಲ. ತಾನು ವ್ಯಯಮಾಡಿದಷ್ಟು ಇಂಧನವನ್ನು, ಸಾಧ್ಯವಾದರೆ ಅದಕ್ಕಿಂತ ಹೆಚ್ಚನ್ನು, ರಿಯಾಕ್ಟರೊಂದು ತಾನೇ ಉತ್ಪಾದಿಸಿಕೊಳ್ಳಬಲ್ಲುದೆ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು ಅದರ ಮುಖ್ಯೋದ್ದೇಶವಾಗಿತ್ತು. ಈ ಪ್ರಶ್ನೆಗೆ ದೀಪಗಳಿಂದ ಉತ್ತರ ದೊರೆಯುವಂತಿರಲಿಲ್ಲ. ಇಂಧನವನ್ನು ಬೆಳೆಸುವ ರಿಯಾಕ್ಟರಾಗಲಿ ಬರಿದೆ ಸುಡುವ ರಿಯಾಕ್ಟರಾಗಲಿ ದೀಪವನ್ನು ಒಂದೇ ರೀತಿಯಲ್ಲಿ ಬೆಳಗಿಸುತ್ತದೆ.

ಹಾಗಾದರೆ ಉತ್ತರ ದೊರೆತದ್ದು ಎಲ್ಲಿಂದ? ಬೆರಳುಗುರಿನಷ್ಟು ಅಗಲದ ಲೋಹದ ತಗಡುಗಳಿಂದ, ಕೆಲವು ಮೈಕ್ರೋಗ್ರಾಂ ಯುರೇನಿಯಮನ್ನು ಬಳಿದ ಪುಟ್ಟ ಕೋಷ್ಠಗಳಿಂದ, ರಸಾಯನಶಾಲೆಯಲ್ಲಿ ಕರಗಿಸಿ ನೋಡಿದ ಮಾದರಿಗಳಿಂದ. ಇವುಗಳ ಮೂಲಕ ವಿಜ್ಞಾನಿಗಳು ಅಳೆದದ್ದು ನ್ಯೂಟ್ರಾನುಗಳ ಕ್ರಿಯಾದರವನ್ನು, ಅಂದರೆ ಒಂದು ಸ್ಥಳದಲ್ಲಿ ಒಂದು ಬಗೆಯ ಪರಮಾಣುವಿನೊಡನೆ ನ್ಯೂಟ್ರಾನುಗಳು ಒಂದು ಕ್ರಿಯೆಯನ್ನು ಸೆಕೆಂಡಿಗೆ ಎಷ್ಟು ಸಲ ನಡೆಸುತ್ತವೆ ಎಂಬುದನ್ನು. ಪ್ರಕೃತ ಲೇಖನದಲ್ಲಿ ಈ ಅಳತೆಯ ಇತಿಹಾಸವನ್ನು ಸಂಗ್ರಹವಾಗಿ ನಿರೂಪಿಸಲು ನಾವು ಉದ್ದೇಶಿಸಿದ್ದೇವೆ. ವೇಗದ ರಿಯಾಕ್ಟರುಗಳ ವಿಷಯದಲ್ಲಿ ರಾಷ್ಟ್ರಗಳು ಕೈಗೊಂಡ ದೊಡ್ಡ ನಿರ್ಣಯಗಳು ಈ ಸಣ್ಣ ಎಣಿಕೆಗಳನ್ನು ಅವಲಂಬಿಸಿದ್ದವು; ಒಂದು ರಿಯಾಕ್ಟರಿನಲ್ಲಿ ದೊರೆತ ಎಣಿಕೆಯನ್ನು ಇನ್ನೊಂದಕ್ಕೆ ಅನ್ವಯಿಸಲು ಹೋದಾಗಲೆಲ್ಲ ತೊಡಕುಗಳು ತಲೆದೋರಿದವು. ನಮ್ಮ ಪ್ರತಿಪಾದನೆ ಇಷ್ಟೆ.

ಮೊದಲು ಪ್ರಶ್ನೆಯ ಸ್ವರೂಪವನ್ನು ತಿಳಿಯಬೇಕು. ಪ್ರಕೃತಿಯಲ್ಲಿ ದೊರೆಯುವ ಯುರೇನಿಯಮಿನಲ್ಲಿ ಸುಲಭವಾಗಿ ವಿದಳನ ಹೊಂದುವ ಯುರೇನಿಯಂ-235 ನೂರಕ್ಕೆ 0.7 ಭಾಗದಷ್ಟು ಮಾತ್ರ. ಉಳಿದುದು ಹೆಚ್ಚುಕಡಮೆ ಎಲ್ಲವೂ ಯುರೇನಿಯಂ-238. ಈ ಎರಡನೆಯದು ಒಂದು ನ್ಯೂಟ್ರಾನನ್ನು ಸೆರೆಹಿಡಿದರೆ ಯುರೇನಿಯಂ-239 ಆಗುತ್ತದೆ, ಅದು 23.5 ನಿಮಿಷಗಳ ಅರ್ಧಾಯುವಿನಿಂದ ನೆಪ್ಚೂನಿಯಂ-239 ಆಗಿ, ಅದು ಮತ್ತೆ 2.36 ದಿನಗಳ ಅರ್ಧಾಯುವಿನಿಂದ ಪ್ಲುಟೋನಿಯಂ-239 ಆಗಿ ಮಾರ್ಪಡುತ್ತದೆ. ಪ್ಲುಟೋನಿಯಂ-239 ವಿದಳನಯೋಗ್ಯವಾದ ಇಂಧನ. ಹೀಗೆ ನಿರುಪಯುಕ್ತವೆಂದು ಬದಿಗಿಡಬೇಕಾಗಿದ್ದ 99 ಭಾಗ ಯುರೇನಿಯಮನ್ನು ಇಂಧನವಾಗಿ ಪರಿವರ್ತಿಸುವ ಮಾರ್ಗವೊಂದು ತೆರೆಯುತ್ತದೆ. ಯುರೇನಿಯಂ ಅತ್ಯಂತ ವಿರಳವೆಂದು ಭಾವಿಸಲಾಗಿದ್ದ 1940ರ ದಶಕದಲ್ಲಿ ಈ ಮಾರ್ಗ ಎಷ್ಟು ಆಕರ್ಷಕವಾಗಿ ಕಂಡಿತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಆದರೆ ಇಲ್ಲಿ ಆಯವ್ಯಯದ ಲೆಕ್ಕವೊಂದಿದೆ. ಇಂಧನದ ಪರಮಾಣುವೊಂದು ಹೀರಿದ ಪ್ರತಿಯೊಂದು ನ್ಯೂಟ್ರಾನಿಗೆ ಪ್ರತಿಯಾಗಿ ಎಷ್ಟು ಹೊಸ ನ್ಯೂಟ್ರಾನುಗಳು ಹೊರಬೀಳುತ್ತವೆ? ನಿಧಾನಗತಿಯ ನ್ಯೂಟ್ರಾನುಗಳಾದರೆ ಪ್ಲುಟೋನಿಯಮಿನಲ್ಲಿ ಈ ಸಂಖ್ಯೆ ಸುಮಾರು 2.1. ಒಂದು ನ್ಯೂಟ್ರಾನು ಸರಪಳಿ ಕ್ರಿಯೆಯನ್ನು ಮುಂದುವರಿಸಲು ಬೇಕು. ಇನ್ನೊಂದು ಯುರೇನಿಯಂ-238ರಲ್ಲಿ ಸೆರೆಯಾಗಿ, ವ್ಯಯವಾದ ಇಂಧನಕ್ಕೆ ಬದಲು ಒಂದನ್ನು ಸೃಷ್ಟಿಸಬೇಕು. ಮಿಕ್ಕ 0.1 ಭಾಗದಲ್ಲಿ ಉಕ್ಕು ನುಂಗಿದ್ದು, ತಂಪುಗೊಳಿಸುವ ದ್ರವ ನುಂಗಿದ್ದು, ಹೊರಕ್ಕೆ ಸೋರಿಹೋದದ್ದು ಎಲ್ಲವೂ ನಿರ್ವಹಣೆಯಾಗಬೇಕು. ಇದು ಅಸಾಧ್ಯಪ್ರಾಯ. ವೇಗದ ನ್ಯೂಟ್ರಾನುಗಳಾದರೆ ಈ ಸಂಖ್ಯೆ ಏರುತ್ತದೆ. ಏಕೆಂದರೆ ವಿದಳನ ಹೊಂದದೆ ನ್ಯೂಟ್ರಾನನ್ನು ವ್ಯರ್ಥವಾಗಿ ಸೆರೆಹಿಡಿಯುವ ಪ್ರವೃತ್ತಿ ಪ್ಲುಟೋನಿಯಮಿನಲ್ಲಿ ಆಗ ಕಡಮೆಯಾಗುತ್ತದೆ. ನ್ಯೂಟ್ರಾನುಗಳ ವೇಗವನ್ನು ತಗ್ಗಿಸುವ ಗ್ರಾಫೈಟ್, ನೀರು ಮೊದಲಾದ ಮಂದಕಾರಿಗಳಿಲ್ಲದ ವೇಗದ ರಿಯಾಕ್ಟರಿನ ಕಲ್ಪನೆಗೆ ಇದೇ ಮೂಲ. ವ್ಯಯವಾದ ಒಂದು ಇಂಧನ ಪರಮಾಣುವಿಗೆ ಹೊಸದಾಗಿ ಹುಟ್ಟಿದ ಪರಮಾಣುಗಳ ಸಂಖ್ಯೆಯನ್ನು ವರ್ಧನಾಂಕವೆಂದು ಕರೆಯೋಣ. ವರ್ಧನಾಂಕ 1ಕ್ಕಿಂತ ಹೆಚ್ಚಾದರೆ ಇಂಧನ ಬೆಳೆಯುತ್ತದೆ, ಕಡಮೆಯಾದರೆ ಕರಗುತ್ತದೆ. ವಿವಾದವೆಲ್ಲ ಈ ಒಂದರ ಆಚೀಚೆಗಿನ ಕೆಲವು ಶೇಕಡಾ ಭಾಗಗಳನ್ನು ಕುರಿತದ್ದು. ಆದುದರಿಂದ ಅಳತೆಯೂ ಅಷ್ಟೇ ಸೂಕ್ಷ್ಮವಾಗಿರಬೇಕಾಯಿತು.

ಕ್ರಿಯಾದರವು ಮೂರು ಅಂಶಗಳ ಗುಣಲಬ್ಧ: ಅಲ್ಲಿರುವ ಪರಮಾಣುಗಳ ಸಂಖ್ಯೆ, ಅಲ್ಲಿ ಹಾಯುವ ನ್ಯೂಟ್ರಾನುಗಳ ಪ್ರವಾಹ, ಮತ್ತು ಪರಮಾಣುವು ಆ ಕ್ರಿಯೆಗೆ ಒಡ್ಡುವ ಗುರಿಯ ವಿಸ್ತಾರ. ಕೊನೆಯದನ್ನು ಅಡ್ಡಛೇದವೆಂದು ಹೇಳುತ್ತಾರೆ. ಇದರ ಮಾನಕ್ಕೆ ‘ಬಾರ್ನ್’, ಎಂದರೆ ಕಣಜ, ಎಂಬ ಹೆಸರನ್ನು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಇಬ್ಬರು ವಿಜ್ಞಾನಿಗಳು 1942ರಲ್ಲಿ ವಿನೋದಕ್ಕಾಗಿ ಇಟ್ಟರು. ಪರಮಾಣುವಿನ ಲೆಕ್ಕದಲ್ಲಿ ಆ ಗುರಿ ಕಣಜದಷ್ಟು ದೊಡ್ಡದೆಂಬುದು ಅವರ ಭಾವ. ನಿಧಾನದ ನ್ಯೂಟ್ರಾನಿಗೆ ಯುರೇನಿಯಂ-235ರ ವಿದಳನದ ಅಡ್ಡಛೇದ ಸುಮಾರು 580 ಬಾರ್ನ್. ವೇಗದ ನ್ಯೂಟ್ರಾನಿಗೆ ಅದು ಒಂದೆರಡು ಬಾರ್ನುಗಳಷ್ಟೆ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ವೇಗದ ರಿಯಾಕ್ಟರಿನಲ್ಲಿ ನ್ಯೂಟ್ರಾನುಗಳೆಲ್ಲ ಒಂದೇ ಶಕ್ತಿಯವಲ್ಲ. ನೂರಾರು ಎಲೆಕ್ಟ್ರಾನ್ ವೋಲ್ಟುಗಳಿಂದ ಹಿಡಿದು ಹಲವು ದಶಲಕ್ಷ ಎಲೆಕ್ಟ್ರಾನ್ ವೋಲ್ಟುಗಳವರೆಗೆ ಅವು ಹರಡಿಕೊಂಡಿರುತ್ತವೆ. ಶಕ್ತಿ ಬದಲಾದಂತೆ ಅಡ್ಡಛೇದವೂ ಬದಲಾಗುತ್ತದೆ. ಆದಕಾರಣ ಯಾವ ಒಂದು ಅಳತೆಗೋಲೂ ಅಲ್ಲಿ ಸಾಲದು.

ವೇಗದ ರಿಯಾಕ್ಟರುಗಳು ಹುಟ್ಟುವ ಮೊದಲೇ ಅಳತೆಯ ಎರಡು ಸಂಪ್ರದಾಯಗಳು ಸಿದ್ಧವಾಗಿದ್ದವು. ಮೊದಲನೆಯದು ರೋಮ್ ನಗರದ್ದು. ಚಾಡ್ವಿಕ್ 1932ರಲ್ಲಿ ನ್ಯೂಟ್ರಾನನ್ನು ಕಂಡುಹಿಡಿದ ಎರಡು ವರ್ಷಗಳಲ್ಲಿ ಎನ್ರಿಕೋ ಫರ್ಮಿ ಮತ್ತು ಅವರ ಸಂಗಡಿಗರು ಒಂದಾದ ಮೇಲೊಂದರಂತೆ ಧಾತುಗಳನ್ನು ನ್ಯೂಟ್ರಾನುಗಳಿಗೆ ಒಡ್ಡಿ, ಅವು ವಿಕಿರಣಶೀಲವಾಗುವುದನ್ನು ತೋರಿಸಿದರು. ತಗಡಿನಲ್ಲಿ ಹುಟ್ಟಿದ ವಿಕಿರಣವನ್ನು ಆಮೇಲೆ ಸಾವಧಾನವಾಗಿ ಎಣಿಸಿದರೆ, ಅದು ಎಷ್ಟು ನ್ಯೂಟ್ರಾನುಗಳನ್ನು ಸೆರೆಹಿಡಿಯಿತೆಂಬುದು ತಿಳಿಯುತ್ತದೆ. ಎರಡನೆಯದು ಕೋಪನ್‌ಹೇಗನ್ನಿನದು. ಯುರೇನಿಯಂ ವಿದಳನದ ವಾರ್ತೆ ತಿಳಿದೊಡನೆ ಆಟೋ ಫ್ರಿಷ್ 1939ರ ಜನವರಿಯಲ್ಲಿ ಯುರೇನಿಯಂ ಲೇಪಿಸಿದ ಅಯಾನೀಕರಣ ಕೋಷ್ಠವೊಂದನ್ನು ನ್ಯೂಟ್ರಾನುಗಳಿಗೆ ಒಡ್ಡಿ, ಒಡೆದ ಪರಮಾಣುವಿನ ತುಣುಕುಗಳು ಅನಿಲದಲ್ಲಿ ಉಂಟುಮಾಡಿದ ದೊಡ್ಡ ವಿದ್ಯುತ್ ಸ್ಪಂದಗಳನ್ನು ಕಂಡರು. ಇಲ್ಲಿ ಕ್ರಿಯೆ ನಡೆದಾಗಲೇ ಎಣಿಕೆಯೂ ನಡೆಯುತ್ತದೆ. ಷಿಕಾಗೋವಿನಲ್ಲಿ 1942ರ ಡಿಸೆಂಬರ್ 2ರಂದು ಮೊದಲ ರಿಯಾಕ್ಟರು ಸ್ವಯಂಪೋಷಕ ಸ್ಥಿತಿಯನ್ನು ಮುಟ್ಟಿತು. ಅದಕ್ಕೆ ಮುನ್ನ ಗ್ರಾಫೈಟಿನ ಪದರಗಳು ಏರುತ್ತಿದ್ದಂತೆ ಅದರೊಳಗಿಟ್ಟ ಇಂಡಿಯಂ ತಗಡುಗಳ ಎಣಿಕೆಯಿಂದಲೇ ಗುರಿ ಎಷ್ಟು ಹತ್ತಿರವಾಯಿತೆಂಬುದನ್ನು ಫರ್ಮಿ ಲೆಕ್ಕಹಾಕುತ್ತಿದ್ದರು.

ವೇಗದ ನ್ಯೂಟ್ರಾನುಗಳ ಮೊದಲ ರಿಯಾಕ್ಟರು ಲಾಸ್ ಅಲಮೋಸ್ ಪ್ರಯೋಗಾಲಯದ ‘ಕ್ಲೆಮೆಂಟೈನ್’. ಪ್ಲುಟೋನಿಯಂ ಲೋಹವೇ ಅದರ ಇಂಧನ, ಪಾದರಸವೇ ಅದನ್ನು ತಂಪುಗೊಳಿಸುವ ದ್ರವ. 1946ರಲ್ಲಿ ಚಾಲನೆಗೊಂಡು 1949ರಲ್ಲಿ 25 ಕಿಲೋವ್ಯಾಟ್ ಶಕ್ತಿಯನ್ನು ಮುಟ್ಟಿದ ಇದು, ಇಂಧನದ ಸಲಾಕೆಯೊಂದು ಒಡೆದುದರಿಂದ 1952ರಲ್ಲಿ ನಿಂತುಹೋಯಿತು. ಅದೇ ಪ್ರಯೋಗಾಲಯದಲ್ಲಿ 1951ರಲ್ಲಿ ‘ಗೊಡೈವಾ’ ಎಂಬ ಜೋಡಣೆಯೂ, ಕೆಲವು ವರ್ಷಗಳ ತರುವಾಯ ‘ಜೆಝೆಬೆಲ್’ ಎಂಬುದೂ ಬಂದವು. ಮೊದಲನೆಯದು ಸುಮಾರು 52 ಕಿಲೋಗ್ರಾಂ ಸಂವರ್ಧಿತ ಯುರೇನಿಯಮಿನ ಗೋಳ. ಎರಡನೆಯದು ಸುಮಾರು 17 ಕಿಲೋಗ್ರಾಂ ಪ್ಲುಟೋನಿಯಮಿನ ಗೋಳ. ಎರಡಕ್ಕೂ ಯಾವ ಹೊದಿಕೆಯೂ ಇರಲಿಲ್ಲ. ಅಸ್ತ್ರನಿರ್ಮಾಣದ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಬತ್ತಲೆ ಗೋಳಗಳಿಗೆ ವಿಜ್ಞಾನದಲ್ಲಿ ಒಂದು ಅಪೂರ್ವ ಸ್ಥಾನ ಒದಗಿತು. ಆಕಾರ ಸರಳವಾದುದರಿಂದ ಲೆಕ್ಕ ಸುಲಭ; ಲೆಕ್ಕಕ್ಕೂ ಅಳತೆಗೂ ವ್ಯತ್ಯಾಸ ಕಂಡರೆ ದೋಷ ಅಡ್ಡಛೇದಗಳಲ್ಲಿಯೇ ಇದೆಯೆಂದು ಹೇಳಬಹುದಾಗಿತ್ತು.

ಇಲ್ಲಿ ಬೆಳೆದ ಉಪಾಯವನ್ನು ಸ್ವಲ್ಪ ವಿವರಿಸಬೇಕು. ಯುರೇನಿಯಂ-235 ಯಾವ ಶಕ್ತಿಯ ನ್ಯೂಟ್ರಾನಿನಿಂದಲೂ ಒಡೆಯುತ್ತದೆ. ಯುರೇನಿಯಂ-238 ಹಾಗಲ್ಲ, ಸುಮಾರು ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟುಗಳ ಹೊಸ್ತಿಲನ್ನು ದಾಟಿದ ನ್ಯೂಟ್ರಾನುಗಳಿಗೆ ಮಾತ್ರ ಅದು ಗಣನೀಯವಾಗಿ ಒಡೆಯುತ್ತದೆ. ನೆಪ್ಚೂನಿಯಂ-237ರ ಹೊಸ್ತಿಲು ಅದರ ಅರ್ಧದಷ್ಟು. ಆದುದರಿಂದ ಒಂದೇ ಸ್ಥಳದಲ್ಲಿ ಯುರೇನಿಯಂ-238ರ ವಿದಳನಗಳನ್ನೂ ಯುರೇನಿಯಂ-235ರ ವಿದಳನಗಳನ್ನೂ ಎಣಿಸಿ ಒಂದನ್ನು ಇನ್ನೊಂದರಿಂದ ಭಾಗಿಸಿದರೆ, ಅಲ್ಲಿನ ನ್ಯೂಟ್ರಾನುಗಳು ಎಷ್ಟರಮಟ್ಟಿಗೆ ವೇಗವಾಗಿವೆ ಎಂಬುದಕ್ಕೆ ಸೂಚಿ ದೊರೆಯುತ್ತದೆ. ಇದಕ್ಕೆ ರೋಹಿತಸೂಚಿ ಎಂದು ಹೆಸರು ಕೊಡಬಹುದು. ಗೊಡೈವಾದ ಮಧ್ಯದಲ್ಲಿ ಈ ಸೂಚಿ ಸುಮಾರು 0.16, ಜೆಝೆಬೆಲ್‌ನಲ್ಲಿ ಸುಮಾರು 0.21. ಪ್ಲುಟೋನಿಯಂ ಗೋಳದಲ್ಲಿ ನ್ಯೂಟ್ರಾನುಗಳು ಹೆಚ್ಚು ವೇಗವುಳ್ಳವೆಂಬುದು ಇದರಿಂದ ನೇರವಾಗಿ ಗೊತ್ತಾಗುತ್ತದೆ. ಅನುಪಾತದಲ್ಲಿ ಇನ್ನೊಂದು ಅನುಕೂಲವೂ ಉಂಟು: ಪ್ರವಾಹದ ಒಟ್ಟು ಪ್ರಮಾಣ ಎಷ್ಟೆಂಬುದು ತಿಳಿಯದಿದ್ದರೂ ಅನುಪಾತ ಕೆಡುವುದಿಲ್ಲ.

ಇ.ಬಿ.ಆರ್.-1ಕ್ಕೆ ಹಿಂದಿರುಗೋಣ. ಅದರ ತಿರುಳು ಸಂವರ್ಧಿತ ಯುರೇನಿಯಮಿನದು. ಸುತ್ತಲೂ ಸ್ವಾಭಾವಿಕ ಯುರೇನಿಯಮಿನ ಹೊದಿಕೆ. ತಿರುಳಿನಿಂದ ಸೋರಿದ ನ್ಯೂಟ್ರಾನುಗಳು ಹೊದಿಕೆಯಲ್ಲಿ ಸೆರೆಯಾಗಿ ಪ್ಲುಟೋನಿಯಮನ್ನು ಸೃಷ್ಟಿಸಬೇಕಾಗಿತ್ತು. ಮಾದರಿಗಳನ್ನು ಹೊರತೆಗೆದು, ಕರಗಿಸಿ, ಹುಟ್ಟಿದ ಪ್ಲುಟೋನಿಯಮನ್ನು ರಾಸಾಯನಿಕ ವಿಶ್ಲೇಷಣೆಯಿಂದ ಅಳೆದ ಮೇಲೆ, 1953ರ ಜೂನ್ ತಿಂಗಳಿನಲ್ಲಿ ಅಮೆರಿಕದ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷ ಗಾರ್ಡನ್ ಡೀನ್, ವ್ಯಯವಾದ ಪ್ರತಿಯೊಂದು ಪರಮಾಣುವಿಗೆ ಬದಲು ಒಂದು ಪರಮಾಣು ಹುಟ್ಟುತ್ತಿದೆಯೆಂದು ಸಾರಿದರು. ಅಳೆದ ವರ್ಧನಾಂಕ 1ರ ಆಸುಪಾಸಿನಲ್ಲಿತ್ತು. ಅಳತೆಯ ಅನಿಶ್ಚಯತೆ ಆ ಒಂದನ್ನು ಎರಡು ಕಡೆಯಿಂದಲೂ ಬಳಸಿಕೊಂಡಿತ್ತು. ಎಂದರೆ, ಲೋಕಕ್ಕೆ ಸಾರಲಾದ ಸಾಧನೆ ಅಳತೆಯ ದೋಷದ ಮಿತಿಯಲ್ಲಿಯೇ ನಿಂತಿತ್ತು. ಅದೇ ರಿಯಾಕ್ಟರಿಗೆ 1962ರಲ್ಲಿ ಪ್ಲುಟೋನಿಯಂ ತಿರುಳನ್ನು ಅಳವಡಿಸಿದಾಗ ವರ್ಧನಾಂಕ 1.27 ಎಂದು ದೊರೆಯಿತು. ಇದು ಸಂಶಯಕ್ಕೆ ಎಡೆಯಿಲ್ಲದ ಫಲ. ವೇಗದ ರಿಯಾಕ್ಟರುಗಳ ಪಕ್ಷಪಾತಿಗಳಿಗೆ ಇದರಿಂದ ಉತ್ಸಾಹ ಉಂಟಾದುದು ಸಹಜವೇ.

ಆದರೆ ದೊಡ್ಡ ವಿದ್ಯುತ್ ಸ್ಥಾವರವನ್ನು ಕಟ್ಟುವ ಮೊದಲು ಅದರ ತಿರುಳಿನಲ್ಲಿ ನ್ಯೂಟ್ರಾನುಗಳ ನಡವಳಿಕೆಯನ್ನು ತಿಳಿಯಬೇಕಷ್ಟೆ. ಇದಕ್ಕಾಗಿ ಹುಟ್ಟಿದವು ಶೂನ್ಯಶಕ್ತಿ ರಿಯಾಕ್ಟರುಗಳು. ಸರಪಳಿ ಕ್ರಿಯೆ ನಡೆಯುತ್ತದೆ, ಆದರೆ ಶಾಖ ನಗಣ್ಯ. ಆದುದರಿಂದ ಒಳಗಿನದನ್ನು ಕಳಚಿ ಬೇರೆ ರೀತಿಯಲ್ಲಿ ಜೋಡಿಸಬಹುದು. ಐಡಹೋದ ಝಡ್.ಪಿ.ಆರ್.-3 1955ರಲ್ಲಿ ಕೆಲಸಕ್ಕೆ ತೊಡಗಿತು. ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ ಝೆಫಿರ್ ಮತ್ತು ಝ್ಯೂಸ್, ಆಲ್ಡರ್‌ಮ್ಯಾಸ್ಟನ್ನಿನಲ್ಲಿ ವೆರಾ, ವಿನ್‌ಫ್ರಿತ್‌ನಲ್ಲಿ 1962ರಿಂದ ಝೀಬ್ರಾ ನಡೆದವು. ಸೋವಿಯತ್ ರಾಷ್ಟ್ರದ ಆಬ್ನಿನ್ಸ್ಕಿನಲ್ಲಿ ಲೈಪುನ್‌ಸ್ಕಿಯವರ ಮಾರ್ಗದರ್ಶನದಲ್ಲಿ ಬಿ.ಎಫ್.ಎಸ್. ಎಂಬ ಜೋಡಣೆಗಳು ನಿರ್ಮಿತವಾದವು. ಫ್ರಾನ್ಸಿನ ಕಾದರಾಷ್‌ನಲ್ಲಿ ಮಝುರ್ಕಾ, ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಸ್ನೀಕ್ ಇವೆರಡೂ 1966ರಲ್ಲಿಯೂ, ಜಪಾನಿನ ತೋಕಾಯ್‌ನಲ್ಲಿ ಎಫ್.ಸಿ.ಎ. 1967ರಲ್ಲಿಯೂ ಆರಂಭವಾದವು. ಪ್ಲುಟೋನಿಯಂ, ಯುರೇನಿಯಂ, ಉಕ್ಕು, ಡಬ್ಬಿಯಲ್ಲಿ ಮುಚ್ಚಿದ ಸೋಡಿಯಂ ಇವುಗಳ ಫಲಕಗಳನ್ನು ಗೂಡುಗಳಲ್ಲಿ ಜೋಡಿಸಿ, ಇನ್ನೂ ಕಟ್ಟದಿರುವ ಸ್ಥಾವರದ ಪ್ರತಿಕೃತಿಯನ್ನು ಇವುಗಳಲ್ಲಿ ಸೃಷ್ಟಿಸುತ್ತಿದ್ದರು.

ಇಂಥ ಜೋಡಣೆಯಲ್ಲಿ ಅಳತೆ ನಡೆಯುವ ಕ್ರಮ ನೋಡುವುದಕ್ಕೆ ಸರಳ, ಆಚರಣೆಯಲ್ಲಿ ಕಠಿನ. ವಿದಳನ ಕೋಷ್ಠವನ್ನೇ ತೆಗೆದುಕೊಳ್ಳೋಣ. ಅದರೊಳಗೆ ಬಳಿದ ಪದರ ತೀರ ತೆಳುವಾಗಿರಬೇಕು. ದಪ್ಪವಾದರೆ ವಿದಳನದ ತುಣುಕುಗಳು ಪದರದಲ್ಲಿಯೇ ನಿಂತುಬಿಡುತ್ತವೆ. ತೆಳುವಾದರೆ ಅದರ ತೂಕವನ್ನು ತಕ್ಕಡಿಯಲ್ಲಿ ತಿಳಿಯುವುದು ದುಸ್ಸಾಧ್ಯ. ಪದರವೇ ಹೊರಸೂಸುವ ಆಲ್ಫಾ ಕಣಗಳನ್ನು ಎಣಿಸಿ ಪರಮಾಣುಗಳ ಸಂಖ್ಯೆಯನ್ನು ಕಂಡುಕೊಳ್ಳಬೇಕು. ಸಂವರ್ಧಿತ ಯುರೇನಿಯಮಿನಲ್ಲಾದರೆ ಆಲ್ಫಾ ಕಣಗಳ ಬಹುಭಾಗ ಯುರೇನಿಯಂ-234 ಎಂಬ ಅಲ್ಪಾಂಶದಿಂದ ಬರುವುದರಿಂದ, ಅದರ ಪ್ರಮಾಣವನ್ನು ಬೇರೆಯಾಗಿ ವಿಶ್ಲೇಷಿಸಬೇಕು. ಎರಡು ಧಾತುಗಳ ಪದರಗಳನ್ನು ಬೆನ್ನಿಗೆ ಬೆನ್ನು ಹೊಂದಿಸಿ ಒಂದೇ ಸ್ಥಳದಲ್ಲಿ ಎರಡನ್ನೂ ಎಣಿಸುವ ಜೋಡಿ ಕೋಷ್ಠಗಳು ಅನುಪಾತದ ಅಳತೆಗೆ ವಿಶೇಷವಾಗಿ ಉಪಯುಕ್ತವಾದವು.

ಯುರೇನಿಯಂ-238ರ ಸೆರೆಯನ್ನು ಅಳೆಯಲು ಕೋಷ್ಠ ಸಲ್ಲದು, ಏಕೆಂದರೆ ಅಲ್ಲಿ ಏನೂ ಒಡೆಯುವುದಿಲ್ಲ. ಇಲ್ಲಿ ತಗಡಿನ ಸಂಪ್ರದಾಯವೇ ಶರಣು. ಯುರೇನಿಯಂ ತಗಡನ್ನು ರಿಯಾಕ್ಟರಿನಲ್ಲಿ ಇಟ್ಟು ತೆಗೆದು, ಹುಟ್ಟಿದ ನೆಪ್ಚೂನಿಯಂ-239 ಹೊರಸೂಸುವ ಗಾಮಾ ಕಿರಣಗಳನ್ನು ಎಣಿಸಬೇಕು. ಎಣಿಕೆಯ ಉಪಕರಣ ನೂರಕ್ಕೆ ಎಷ್ಟನ್ನು ಹಿಡಿಯುತ್ತದೆಂಬುದನ್ನು ಪರೀಕ್ಷಿಸಲು ಒಂದು ಜಾಣತನದ ಉಪಾಯ ದೊರೆಯಿತು. ಅಮೆರಿಸಿಯಂ-243 ಎಂಬ ದೀರ್ಘಾಯುವಾದ ಧಾತು ಆಲ್ಫಾ ಕಣವನ್ನು ಹೊರಗೆಡವಿ ಇದೇ ನೆಪ್ಚೂನಿಯಂ-239 ಆಗುತ್ತದೆ. ಅದರ ಆಲ್ಫಾ ಕಣಗಳ ಎಣಿಕೆಯಿಂದ ಅದರಲ್ಲಿ ಸೆಕೆಂಡಿಗೆ ಎಷ್ಟು ನೆಪ್ಚೂನಿಯಂ ಪರಮಾಣುಗಳು ಕ್ಷಯಿಸುತ್ತವೆಂಬುದು ಖಚಿತವಾಗಿ ತಿಳಿಯುವುದರಿಂದ, ಅದನ್ನೇ ಮಾನದಂಡವಾಗಿಟ್ಟು ತಗಡಿನ ಎಣಿಕೆಯನ್ನು ಹೋಲಿಸಬಹುದು. ತರುವಾಯ 1960ರ ದಶಕದಲ್ಲಿ ಮೂರನೆಯ ಸಾಕ್ಷಿಯೂ ಸೇರಿತು. ವಿದಳನದ ತುಣುಕು ಅಭ್ರಕದ ಹಾಳೆಯಲ್ಲಿ ನುಗ್ಗಿದಾಗ ಉಳಿಯುವ ಗಾಯವನ್ನು ಆಮ್ಲದಿಂದ ಕೊರೆದು ಹಿಗ್ಗಿಸಿದರೆ ಸೂಕ್ಷ್ಮದರ್ಶಕದಲ್ಲಿ ಅದನ್ನು ಎಣಿಸಬಹುದೆಂದು ಅಮೆರಿಕದ ಫ್ಲೈಷರ್, ಪ್ರೈಸ್, ವಾಕರ್ ಎಂಬ ಮೂವರು ತೋರಿಸಿಕೊಟ್ಟರು. ಕೋಷ್ಠಕ್ಕೆ ಎಡೆಯಿಲ್ಲದ ಸಂದಿಯಲ್ಲಿಯೂ ಅಭ್ರಕದ ಚೂರು ಕೂರಬಲ್ಲುದು.

ಇಷ್ಟಾದರೂ ಒಂದು ಮೂಲಭೂತ ಕಷ್ಟ ಉಳಿಯಿತು. ಅಳೆಯಲು ಒಳಗಿಟ್ಟ ವಸ್ತುವೇ ಅಳೆಯಬೇಕಾದ ಸ್ಥಿತಿಯನ್ನು ಬದಲಾಯಿಸುತ್ತದೆ. ಕೋಷ್ಠವನ್ನಿಡಲು ಮಾಡಿದ ಟೊಳ್ಳು ನ್ಯೂಟ್ರಾನುಗಳಿಗೆ ಹೊಸ ದಾರಿಯಾಗುತ್ತದೆ. ದಪ್ಪನೆಯ ತಗಡು ತನ್ನ ಒಳಪದರಕ್ಕೆ ತಾನೇ ಮರೆಯಾಗುತ್ತದೆ. ಪ್ಲುಟೋನಿಯಂ ಫಲಕದ ಪಕ್ಕದಲ್ಲಿಟ್ಟ ತಗಡೂ ಸೋಡಿಯಂ ಡಬ್ಬಿಯ ಪಕ್ಕದಲ್ಲಿಟ್ಟ ತಗಡೂ ಒಂದೇ ಸಂಖ್ಯೆಯನ್ನು ಹೇಳುವುದಿಲ್ಲ. ಆದಕಾರಣ ಪ್ರತಿಯೊಂದು ಸಂಖ್ಯೆಯ ಹಿಂದೆಯೂ ತಿದ್ದುಪಡಿಗಳ ಪಟ್ಟಿಯೊಂದು ಬೆಳೆಯುತ್ತ ಹೋಯಿತು.

ಈ ಎಲ್ಲ ಶ್ರಮದ ಪ್ರಯೋಜನ 1967ರಲ್ಲಿ ಪ್ರಕಟವಾಯಿತು. ಆ ವರ್ಷದ ಅಕ್ಟೋಬರ್ ಕೊನೆಯಲ್ಲಿ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಆಶ್ರಯದಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಸೇರಿದ ವಿಚಾರಗೋಷ್ಠಿಯಲ್ಲಿ ಹಾರ್ವೆಲ್‌ನ ಶಾಂಬರ್ಗ್, ಸವರ್ಬಿ ಮತ್ತು ಇವಾನ್ಸ್ ಪ್ಲುಟೋನಿಯಂ-239ನ್ನು ಕುರಿತ ಹೊಸ ಅಳತೆಯನ್ನು ಮಂಡಿಸಿದರು. ನ್ಯೂಟ್ರಾನನ್ನು ಹೀರಿದ ಪ್ಲುಟೋನಿಯಂ ಒಡೆಯದೆ ಅದನ್ನು ವ್ಯರ್ಥವಾಗಿ ನುಂಗುವುದಕ್ಕೂ ಒಡೆಯುವುದಕ್ಕೂ ಇರುವ ಅನುಪಾತವನ್ನು ‘ಆಲ್ಫಾ’ ಎಂಬ ಅಕ್ಷರದಿಂದ ಸೂಚಿಸುತ್ತಾರೆ. ಕೆಲವು ನೂರು ಎಲೆಕ್ಟ್ರಾನ್ ವೋಲ್ಟುಗಳಿಂದ ಕೆಲವು ಸಾವಿರ ಎಲೆಕ್ಟ್ರಾನ್ ವೋಲ್ಟುಗಳವರೆಗಿನ ಶಕ್ತಿಯಲ್ಲಿ ಈ ಆಲ್ಫಾ ಅದುವರೆಗೆ ನಂಬಿದ್ದಕ್ಕಿಂತ ಬಹಳ ಹೆಚ್ಚೆಂಬುದು ಅವರ ಫಲ.

ಇದರ ಅರ್ಥವೇನು? ಇ.ಬಿ.ಆರ್.-1ರ ತಿರುಳು ಪುಟ್ಟದು, ಲೋಹದ್ದು. ಅಲ್ಲಿ ನ್ಯೂಟ್ರಾನುಗಳು ವೇಗವಾಗಿಯೇ ಉಳಿಯುತ್ತಿದ್ದವು. ಆದರೆ 1960ರ ದಶಕದಲ್ಲಿ ಯೋಜಿಸುತ್ತಿದ್ದ ದೊಡ್ಡ ಸ್ಥಾವರಗಳ ಇಂಧನ ಆಕ್ಸೈಡು. ಆಮ್ಲಜನಕಕ್ಕೂ ಸೋಡಿಯಮಿಗೂ ತಾಗಿ ತಾಗಿ ಅಲ್ಲಿ ನ್ಯೂಟ್ರಾನುಗಳ ವೇಗ ತಗ್ಗುತ್ತದೆ. ಗಣನೀಯವಾದ ಭಾಗವೊಂದು ಆಲ್ಫಾ ಹೆಚ್ಚಾಗಿರುವ ಆ ಶಕ್ತಿವಲಯಕ್ಕೇ ಇಳಿಯುತ್ತದೆ. ಆದುದರಿಂದ 1.27 ಎಂಬ ಸಂಖ್ಯೆ ಸತ್ಯವಾಗಿದ್ದರೂ ಅದು ಆ ರಿಯಾಕ್ಟರಿನ ಸತ್ಯ. ಮುಂದಿನ ಸ್ಥಾವರಗಳಿಗೆ ಅದು ಸಲ್ಲುವಂತಿರಲಿಲ್ಲ. ಹಾರ್ವೆಲ್‌ನ ಫಲ ನಿಜವಾದರೆ ವರ್ಧನಾಂಕ ಇಳಿಯುತ್ತದೆ; ಇಂಧನದ ಮೂಲ ಸಂಗ್ರಹ ಇಮ್ಮಡಿಯಾಗಲು ಬೇಕಾದ ವರ್ಷಗಳು ಏರುತ್ತವೆ; ಬೇಗನೆ ಇಮ್ಮಡಿಯಾಗುವುದೆಂಬ ನಿರೀಕ್ಷೆಯ ಮೇಲೆ ಕಟ್ಟಿದ ಆರ್ಥಿಕ ಯೋಜನೆಗಳು ಸಡಿಲವಾಗುತ್ತವೆ. ಒಂದು ಅನುಪಾತದ ಬದಲಾವಣೆಯಿಂದ ಹಲವು ರಾಷ್ಟ್ರಗಳ ಲೆಕ್ಕ ಕದಲಿತೆಂದರೆ ಅತಿಶಯೋಕ್ತಿಯಲ್ಲ. ಅಮೆರಿಕದ ಓಕ್ ರಿಡ್ಜ್ ಮುಂತಾದೆಡೆಗಳಲ್ಲಿ ಮತ್ತೆ ಅಳೆದುದರಿಂದ ಹೊಸ ಫಲ ಬಹುಮಟ್ಟಿಗೆ ಸ್ಥಿರಪಟ್ಟಿತು. ಶೂನ್ಯಶಕ್ತಿ ರಿಯಾಕ್ಟರುಗಳಲ್ಲಿಯೂ ಒಟ್ಟು ಪರಿಣಾಮವನ್ನು ಅಳೆದು ನೋಡಿದರು. ಕೊನೆಗೆ ಇಂಧನ ಬೆಳೆಯುವುದೇನೋ ದಿಟ, ಬೆಳೆಯುವ ವೇಗ ಮಾತ್ರ ಹಿಂದೆ ಎಣಿಸಿದಷ್ಟಿಲ್ಲ ಎಂಬ ನಿರ್ಣಯಕ್ಕೆ ಬರಲಾಯಿತು.

ಅದೇ 1967ರಲ್ಲಿ ಇನ್ನೊಂದು ಫಲವೂ ಹೊರಬಿದ್ದಿತು. ಸ್ಕಾಟ್‌ಲೆಂಡಿನ ಡೌನ್‌ರೇ ರಿಯಾಕ್ಟರಿನಲ್ಲಿದ್ದ ತುಕ್ಕುಹಿಡಿಯದ ಉಕ್ಕಿನೊಳಗೆ ಅತಿಸೂಕ್ಷ್ಮವಾದ ಶೂನ್ಯಗಳು ಹುಟ್ಟಿ ಲೋಹವೇ ಉಬ್ಬುತ್ತಿದೆಯೆಂದು ಕಾಥಾರ್ನ್ ಮತ್ತು ಫುಲ್ಟನ್ ಪ್ರಕಟಿಸಿದರು. ಉಕ್ಕು ಎಷ್ಟು ವರ್ಷ ಬಾಳುವುದೆಂದು ಹೇಳಬೇಕಾದರೆ ಅದು ಎಷ್ಟು ವೇಗದ ನ್ಯೂಟ್ರಾನುಗಳ ಏಟನ್ನು ತಿಂದಿತೆಂದು ತಿಳಿಯಬೇಕು. ಒಂದು ದೇಶದ ಪ್ರಯೋಗವನ್ನು ಇನ್ನೊಂದರೊಡನೆ ಹೋಲಿಸಬೇಕಾದರೆ ಎರಡರ ಎಣಿಕೆಯೂ ಒಂದೇ ಮಾನದಲ್ಲಿರಬೇಕು. ಕ್ರಿಯಾದರದ ಅಳತೆಗೆ ಹೀಗೆ ಎರಡನೆಯ ಹೊಣೆ ಬಂದಿತು. ನಿಕಲ್, ಕಬ್ಬಿಣ, ಅಲ್ಯೂಮಿನಿಯಂ ಮೊದಲಾದವುಗಳ ತಗಡುಗಳನ್ನು ಉಕ್ಕಿನ ಮಾದರಿಗಳೊಡನೆ ಇಟ್ಟು, ಒಂದೊಂದರ ಹೊಸ್ತಿಲಿನ ಆಧಾರದ ಮೇಲೆ ನ್ಯೂಟ್ರಾನುಗಳ ಹಂಚಿಕೆಯನ್ನು ಕಂಡುಕೊಳ್ಳುವ ಪದ್ಧತಿ ಬೆಳೆಯಿತು. ಅಮೆರಿಕದ ಆಯೋಗ 1971ರಲ್ಲಿ ಹಲವು ಪ್ರಯೋಗಾಲಯಗಳನ್ನು ಸೇರಿಸಿ, ಒಂದೇ ನ್ಯೂಟ್ರಾನು ಕ್ಷೇತ್ರದಲ್ಲಿ ಎಲ್ಲರೂ ತಮ್ಮ ತಮ್ಮ ವಿಧಾನದಿಂದ ಅಳೆದು ಫಲವನ್ನು ಹೋಲಿಸುವ ಕಾರ್ಯಕ್ರಮವೊಂದನ್ನು ಆರಂಭಿಸಿತು. ಮುಖ್ಯ ವಿದಳನಕ್ರಿಯೆಗಳಲ್ಲಿ ನೂರಕ್ಕೆ 5ರೊಳಗಿನ ನಿಖರತೆಯೇ ಅದರ ಮೊದಲ ಗುರಿ. ಫರ್ಮಿಯ ತಗಡುಗಳಿಂದ ಸುಮಾರು ನಾಲ್ಕು ದಶಕಗಳು ಕಳೆದಿದ್ದರೂ ಗುರಿ ನೂರಕ್ಕೆ ಐದೇ ಆಗಿದ್ದಿತೆಂಬುದು ಈ ಅಳತೆ ಎಷ್ಟು ದುಷ್ಕರವೆಂಬುದನ್ನು ತೋರಿಸುತ್ತದೆ.

ಈ ಇತಿಹಾಸ ನಮ್ಮ ದೇಶಕ್ಕೆ ಹೊರಗಿನದಲ್ಲ. ಯುರೇನಿಯಂ ಮಿತವಾಗಿಯೂ ಥೋರಿಯಂ ಸಮೃದ್ಧವಾಗಿಯೂ ಇರುವ ಭಾರತಕ್ಕೆ ಹೋಮಿ ಭಾಭಾ 1954ರಲ್ಲಿ ಮಂಡಿಸಿದ ಮೂರು ಹಂತಗಳ ಯೋಜನೆಯಲ್ಲಿ ಎರಡನೆಯ ಹಂತವೇ ಇಂಧನವನ್ನು ಬೆಳೆಸುವ ವೇಗದ ರಿಯಾಕ್ಟರು. ವರ್ಧನಾಂಕ ಇಳಿದರೆ ಮೂರನೆಯ ಹಂತ ಅಷ್ಟು ದೂರ ಸರಿಯುತ್ತದೆ. ಟ್ರಾಂಬೆಯಲ್ಲಿ ಪಿ. ಕೆ. ಅಯ್ಯಂಗಾರ್ ಅವರ ಮುಂದಾಳತ್ವದಲ್ಲಿ ‘ಪೂರ್ಣಿಮಾ’ ಎಂಬ ಶೂನ್ಯಶಕ್ತಿಯ ವೇಗದ ರಿಯಾಕ್ಟರು ಪ್ಲುಟೋನಿಯಂ ಆಕ್ಸೈಡು ಇಂಧನದಿಂದ 1972ರ ಮೇ ತಿಂಗಳಿನಲ್ಲಿ ಚಾಲನೆಗೊಂಡಿತು. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರು ಭಾಭಾ ಪರಮಾಣು ಸಂಶೋಧನ ಕೇಂದ್ರದ ನಿರ್ದೇಶಕರಾದುದು ಅದೇ ವರ್ಷ. ಪೂರ್ಣಿಮಾದಿಂದ ಪಡೆದ ಅನುಭವ 1974ರ ಪೋಖ್ರಾನ್ ಸ್ಫೋಟಕ್ಕೂ ನೆರವಾಯಿತೆಂಬುದನ್ನು ಇತಿಹಾಸಕಾರ ಮರೆಮಾಚಬೇಕಾಗಿಲ್ಲ. ಗೊಡೈವಾ, ಜೆಝೆಬೆಲ್‌ಗಳ ಕಥೆಯಲ್ಲಿಯೂ ಶಾಂತಿಯ ಮತ್ತು ಅಸ್ತ್ರದ ದಾರಿಗಳು ಹೀಗೆಯೇ ಹೆಣೆದುಕೊಂಡಿವೆ.

ಕಲ್ಪಾಕ್ಕಂನ ವೇಗದ ಪರೀಕ್ಷಾ ರಿಯಾಕ್ಟರು ಫ್ರಾನ್ಸಿನ ‘ರಾಪ್ಸೋದಿ’ಯ ಮಾದರಿಯಲ್ಲಿ ರೂಪಿತವಾದುದು. ಆದರೆ 1974ರ ತರುವಾಯ ಫ್ರಾನ್ಸಿನಿಂದ ಸಂವರ್ಧಿತ ಯುರೇನಿಯಂ ದೊರೆಯದೆ ಹೋದುದರಿಂದ, ಪ್ಲುಟೋನಿಯಂ ಮತ್ತು ಯುರೇನಿಯಮಿನ ಮಿಶ್ರ ಕಾರ್ಬೈಡನ್ನು ಇಂಧನವಾಗಿ ಬಳಸಿ 1985ರ ಅಕ್ಟೋಬರ್ 18ರಂದು ಅದನ್ನು ಚಾಲನೆಗೊಳಿಸಿದರು. ಅಂಥ ಇಂಧನದಿಂದಲೇ ನಡೆಯುವ ಬೇರೆ ರಿಯಾಕ್ಟರು ಲೋಕದಲ್ಲಿ ಇರಲಿಲ್ಲ. ಹಾಗಾಗಿ ಯಂತ್ರದ ಮಾದರಿಯನ್ನು ಹೊರಗಿನಿಂದ ತರಬಹುದಾಗಿದ್ದರೂ ಅದರ ನ್ಯೂಟ್ರಾನುಗಳ ಲೆಕ್ಕವನ್ನು ತರುವಂತಿರಲಿಲ್ಲ. ಕಾರ್ಲ್ಸ್‌ರೂಹೆಯಲ್ಲಿ ಕಂಡುಬಂದ ತತ್ತ್ವವೇ ಇಲ್ಲಿಯೂ ಅನ್ವಯಿಸಿತು.

ಈಗ ಇತಿಹಾಸದ ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಮಾತೊಂದನ್ನು ಹೇಳಿ ಮುಗಿಸುತ್ತೇವೆ. ಮೇಲೆ ಹೆಸರಿಸಿದ ಯಂತ್ರಗಳಲ್ಲಿ ಅನೇಕವು ಇಂದು ಇಲ್ಲ. ಇ.ಬಿ.ಆರ್.-1 1963ರ ಕೊನೆಯಲ್ಲಿ ನಿಂತಿತು, ಅದೀಗ ವಸ್ತುಸಂಗ್ರಹಾಲಯ. ಝೀಬ್ರಾ, ಸ್ನೀಕ್ ಮುಚ್ಚಿದವು. ಆ ಅಳತೆಗಳನ್ನು ಮತ್ತೆ ಮಾಡುವಂತಿಲ್ಲ. ಉಳಿದಿರುವುದು ದಾಖಲೆಗಳು ಮಾತ್ರ. ಆದುದರಿಂದಲೇ ಅಮೆರಿಕದಲ್ಲಿ 1992ರಲ್ಲಿ ಆರಂಭವಾಗಿ 1995ರಿಂದ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ ಪರಮಾಣು ಶಕ್ತಿ ಸಂಸ್ಥೆಯ ಆಶ್ರಯಕ್ಕೆ ಬಂದ ಯೋಜನೆಯೊಂದು, ಹಳೆಯ ಪ್ರಯೋಗಗಳ ದಿನಚರಿಗಳನ್ನೂ ನಕ್ಷೆಗಳನ್ನೂ ತೂಕದ ಪಟ್ಟಿಗಳನ್ನೂ ಹುಡುಕಿ, ಒಂದರೊಡನೊಂದನ್ನು ತಾಳೆನೋಡಿ, ಅನಿಶ್ಚಯತೆಯನ್ನು ಮತ್ತೆ ಅಂದಾಜುಮಾಡಿ ಪ್ರಕಟಿಸುತ್ತಿದೆ. ಗೊಡೈವಾ ಮತ್ತು ಜೆಝೆಬೆಲ್‌ಗಳ ಫಲಗಳೂ ಅದರಲ್ಲಿ ಸೇರಿವೆ. ರಿಯಾಕ್ಟರು ಭೌತವಿಜ್ಞಾನದ ಪ್ರಯೋಗಗಳಿಗಾಗಿ ಅಂಥದೇ ಇನ್ನೊಂದು ಸಂಕಲನವೂ ನಡೆಯುತ್ತಿದೆ.

ಶಾಸನಗಳ ಪಾಠವನ್ನು ಪರಿಷ್ಕರಿಸುವವರಿಗೆ ಈ ಕಾರ್ಯ ಅಪರಿಚಿತವಾಗಿ ಕಾಣಲಾರದು. ಕಲ್ಲು ಎಲ್ಲಿ ನಿಂತಿತ್ತು, ಅಕ್ಷರ ಯಾವ ಕಾಲದ್ದು, ಹಿಂದಿನ ಸಂಪಾದಕರು ಯಾವುದನ್ನು ಊಹಿಸಿ ತುಂಬಿದರು ಎಂಬುದನ್ನು ವಿಚಾರಿಸದೆ ಶಾಸನದ ಮಾತನ್ನು ನಾವು ಪ್ರಮಾಣವೆಂದು ಒಪ್ಪುವುದಿಲ್ಲ. ಹಾಗೆಯೇ ಯಾವ ತಿರುಳಿನಲ್ಲಿ, ಯಾವ ಫಲಕದ ಪಕ್ಕದಲ್ಲಿ, ಯಾವ ತಿದ್ದುಪಡಿಗಳೊಡನೆ ದೊರೆಯಿತೆಂಬುದನ್ನು ತಿಳಿಯದೆ ವರ್ಧನಾಂಕವೊಂದನ್ನು ಪ್ರಮಾಣವಾಗಿ ಎತ್ತಿಹೇಳುವುದು ಯುಕ್ತವಲ್ಲ. ವಿಜ್ಞಾನದ ಇತಿಹಾಸವನ್ನು ನಮ್ಮ ಕಾಲೇಜುಗಳಲ್ಲಿ ಬೋಧಿಸುವಾಗ ಉದ್ಘಾಟನೆಯ ದಿನಾಂಕಗಳ ಪಟ್ಟಿಯೊಡನೆ ತೃಪ್ತರಾಗದೆ, ಈ ಬಗೆಯ ಅಳತೆಯ ದಾಖಲೆಗಳನ್ನೂ ಆಕರಗಳಾಗಿ ಎಣಿಸಿ ವಿಮರ್ಶಿಸುವ ಅಭ್ಯಾಸವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸಬೇಕೆಂಬುದು ನಮ್ಮ ಸೂಚನೆ. 1951ರ ದೀಪಗಳಿಗೆ ಅವುಗಳ ಸ್ಥಾನ ಇದ್ದೇ ಇರುತ್ತದೆ. 1953ರ ರಾಸಾಯನಿಕ ವಿಶ್ಲೇಷಣೆಗೂ 1967ರ ಆಲ್ಫಾಕ್ಕೂ ನಮ್ಮ ಪಾಠಗಳಲ್ಲಿ ಅದಕ್ಕಿಂತ ಕಡಮೆಯಾದ ಸ್ಥಾನ ಸಲ್ಲದು.